ಕಿವಿ ನಾರ್ಮಲ್, ಆದರೂ ಗುಂಯ್ ಅನ್ನುತ್ತಾ?

ನಮ್ಮ ಚುಂಚನಕಟ್ಟೆಯವರಿಗೆ ಮೊರೆತ ಹೊಸದಲ್ಲ. ಮಳೆಗಾಲದಲ್ಲಿ ಕಾವೇರಿ ಧುಮುಕುವ ಸದ್ದು ದೂರಕ್ಕೇ ಕೇಳುತ್ತೆ. ಪಕ್ಕದ ಕೋದಂಡರಾಮನ ಗರ್ಭಗುಡಿಯೊಳಗೆ ಮಾತ್ರ ಅದು ಕೇಳಿಸಲ್ಲ ಅಂತಾರೆ. ನನ್ನ ಕಥೆ ಇದಕ್ಕೆ ಉಲ್ಟಾ. ಹೊರಗೆ ನಿಶ್ಶಬ್ದ, ಒಳಗೇ ಸದ್ದು.

ಬೆಂಗಳೂರಿನ ರೂಮಿನಲ್ಲಿ ಲೈಟ್ ಆರಿಸಿದರೆ ಸಾಕು, ಎರಡೂ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ. ನಿದ್ದೆ ಇಲ್ಲ, ಬೆಳಗ್ಗೆ ಕೋಡ್ ತುಂಬಾ ತಪ್ಪು. ಟೆಸ್ಟ್ ಮಾಡಿಸಿದರೆ ರಿಪೋರ್ಟ್ ‘ನಾರ್ಮಲ್’. ಹಾಗಾದರೆ ಇದು ಭ್ರಮೆಯಾ?

ಅಲ್ಲ. ಇದು ಟಿನಿಟಸ್, ಅಂದರೆ ಕಿವಿಮೊರೆತ. ಮಾಮೂಲಿ ಶ್ರವಣ ಪರೀಕ್ಷೆ ನೋಡೋದು 250ರಿಂದ 8000 ಹರ್ಟ್ಸ್‌ವರೆಗೆ ಮಾತ್ರ. ಅದರಾಚೆಯ ಕೊರತೆ ಅಲ್ಲಿ ಕಾಣಲ್ಲ. 2009ರಲ್ಲಿ ಅಮೆರಿಕದ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಲ್ಲಿ ಇನ್ನೊಂದು ಸಂಗತಿ ಕಂಡರು. ಜೋರು ಸದ್ದು ಕೇಳಿಸಿದ ಮೇಲೆ ಕೇಳುವ ಶಕ್ತಿ ಮಾಮೂಲಿಗೆ ಬಂದರೂ, ಒಳಕಿವಿ ಮತ್ತು ನರದ ನಡುವಿನ ಎಷ್ಟೋ ಕೊಂಡಿಗಳು ಕಳಚಿಹೋಗಿದ್ದವು. ಮನುಷ್ಯರಲ್ಲೂ ಹೀಗಾಗಬಹುದು, ಸಿಗ್ನಲ್ ಕಮ್ಮಿಯಾದಾಗ ಮೆದುಳು ತಾನೇ ವಾಲ್ಯೂಮ್ ಏರಿಸಿಕೊಳ್ಳುತ್ತೆ, ಆ ಗುಂಯ್ ಅದೇ ಅನ್ನೋದು ಒಂದು ವಿವರಣೆ.

ಆಡಿಯಾಲಜಿಸ್ಟ್ ನನಗೆ ಹಿಯರಿಂಗ್ ಏಡ್ ಹಾಕಿ ನೋಡೋಣ ಅಂದರು. ಫೋನಿನಲ್ಲಿ ಹೇಳಿದರೆ ಅವ್ವ, “ಈ ವಯಸ್ಸಿಗೇ ಕಿವಿ ಕೇಳಲ್ವೇನ್ಲಾ ಮಗ?” ಅಂತ ಗಾಬರಿಯಾದಳು. ಕೇಳುತ್ತೆ ಅವ್ವ, ಜಾಸ್ತಿ ಕೇಳೋದೇ ಕಷ್ಟ!

ಇದರ ಕೆಲಸ ಸರಳ. ಫ್ಯಾನು, ಹಕ್ಕಿ, ದೂರದ ಮಾತು ಇಂಥ ಸಣ್ಣ ಸದ್ದುಗಳನ್ನು ಚೂರು ಎತ್ತಿಕೊಡುತ್ತೆ. ಕೆಲವು ಸಾಧನಗಳು ಮಳೆಯಂಥ ಮೆಲುಸದ್ದನ್ನೂ ಹೊರಡಿಸುತ್ತವೆ. ಕತ್ತಲಲ್ಲಿ ಕಣ್ಣು ಕುಕ್ಕುವ ದೀಪ ಹಗಲಲ್ಲಿ ಗೊತ್ತೇ ಆಗಲ್ಲವಲ್ಲ, ಹಾಗೆ. ಮೊರೆತ ಹೋಗಲ್ಲ, ಅದರ ಮೇಲಿನ ಗಮನ ಹೋಗುತ್ತೆ.

ಆದರೆ ಅವಸರದಲ್ಲಿ ಆನ್‌ಲೈನ್ ಆರ್ಡರ್ ಮಾಡಬೇಡಿ. ಶ್ರವಣದೋಷ ಇದ್ದವರಿಗೆ ಇದನ್ನು ಸೂಚಿಸೋದು ರೂಢಿ. ನಾರ್ಮಲ್ ಕಿವಿಯವರ ಬಗ್ಗೆ ಪುರಾವೆ ಇನ್ನೂ ಕಮ್ಮಿ. ಸೆಟ್ಟಿಂಗ್ ಜೋರಾದರೆ ಕಿವಿಗೇ ಪೆಟ್ಟು. ಮೊದಲು ಪೂರ್ತಿ ಪರೀಕ್ಷೆ, ಆಮೇಲೆ ಟ್ರಯಲ್, ಕೊನೆಗೆ ದುಡ್ಡು. ನಮ್ಮ ಕಡೆಯವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮೊರೆತದ ಚಿಂತೆಯನ್ನು ನಿಭಾಯಿಸಲು ಸಿಬಿಟಿ ಎಂಬ ಮಾತಿನ ಚಿಕಿತ್ಸೆಯೂ ನೆರವಾಗುತ್ತೆ.

ಒಂದೇ ಕಿವಿಯಲ್ಲಿ ಸದ್ದು, ನಾಡಿಯ ತಾಳಕ್ಕೆ ಬಡಿತ, ತಲೆಸುತ್ತು ಇದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ದಿಢೀರನೆ ಕಿವಿ ಕೇಳದಾದರೆ ಒಂದು ದಿನವೂ ಕಾಯಬೇಡಿ.

ಟ್ರಯಲ್ ಮುಗಿದಾಗ ನನ್ನ ಜೀರುಂಡೆ ಹೋಗಿರಲಿಲ್ಲ. ಆದರೆ ಹಗಲಲ್ಲಿ ಅದನ್ನು ಮರೆಯುತ್ತಿದ್ದೆ. ರಾತ್ರಿ ಸಾಧನ ತೆಗೆದಿಟ್ಟು, ಊರಲ್ಲಿ ರೆಕಾರ್ಡ್ ಮಾಡಿಕೊಂಡ ಹೊಳೆ ಸದ್ದನ್ನು ಸಣ್ಣಗೆ ಹಾಕಿ ಮಲಗುತ್ತೇನೆ. ನಿದ್ದೆ ಬರುತ್ತೆ.