ಜಪಾನಿ ಸ್ಪೋರ್ಟ್ಸ್ ಕಾರು: ಎಂಜಿನ್‌ಗಿಂತ ಮೊದಲು ಕಾಗದಪತ್ರ ನೋಡಿ

ಗೋಕಾಕ: ಕಬ್ಬಿನ ಬಿಲ್ಲು ಕೈಸೇರುವ ದಿನಗಳಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ವಾಹನಗಳ ವ್ಯಾಪಾರ ಚುರುಕಾಗುವುದು ರೂಢಿ. ಸಂಕೇಶ್ವರದ ಬಳಿ ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಕೊಲ್ಹಾಪುರ, ಪುಣೆ, ಮುಂಬೈ. ಹಳೆಯ ಕಾರುಗಳ ದೊಡ್ಡ ಮಾರುಕಟ್ಟೆಗಳೆಲ್ಲ ಒಂದೇ ದಾರಿಯಲ್ಲಿವೆ. ನಿಸ್ಸಾನ್ ಸ್ಕೈಲೈನ್, ಟೊಯೊಟಾ ಸುಪ್ರಾ, ಮಜ್ದಾ ಆರ್‌ಎಕ್ಸ್-7 ಎಂಬ ಹೆಸರುಗಳನ್ನು ಸಿನಿಮಾ ಹಾಗೂ ವಿಡಿಯೋ ಗೇಮ್‌ಗಳಲ್ಲಿ ಕಂಡು ಬೆಳೆದವರಿಗೆ ಈ ದಾರಿಯ ಸೆಳೆತ ಹೆಚ್ಚು. ಆದರೆ ಇಂಥ ಕಾರನ್ನು ಮೊದಲ ಬಾರಿಗೆ ಕೊಳ್ಳುವವರು ಮುಂಗಡ ಕೊಡುವ ಮುನ್ನವೇ ಒಂದು ಪ್ರಶ್ನೆ ಕೇಳಬೇಕಾಗುತ್ತದೆ: ಈ ಕಾರು ದೇಶದೊಳಕ್ಕೆ ಬಂದದ್ದು ಹೇಗೆ?

ಬಳಸಿದ ಕಾರಿನ ಆಮದಿಗೆ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ವಿಧಿಸಿರುವ ಷರತ್ತುಗಳು ಕಠಿಣವಾಗಿವೆ. ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು. ಸ್ಟಿಯರಿಂಗ್ ಬಲಬದಿಯಲ್ಲಿರಬೇಕು. ಮುಂಬೈ ಬಂದರಿನ ಮೂಲಕವೇ ಬರಬೇಕು, ಬಂದ ಮೇಲೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಳಪಡಬೇಕು. ಸುಂಕ ಮತ್ತು ಜಿಎಸ್‌ಟಿ ಕೂಡಿಸಿದರೆ ಕಾರಿನ ಮೂಲ ಬೆಲೆಗಿಂತ ತೆರಿಗೆಯೇ ಹೆಚ್ಚಾಗುತ್ತದೆ. ಅಮೆರಿಕದಲ್ಲಿ 25 ವರ್ಷ ತುಂಬಿದ ಜಪಾನಿ ಕಾರುಗಳನ್ನು ತರಿಸಿಕೊಳ್ಳಲು ಅವಕಾಶವಿದೆ. ಅಲ್ಲಿನ ವಿಡಿಯೋಗಳನ್ನು ನೋಡಿ ಇಲ್ಲಿಯೂ ಹಾಗೆಯೇ ಎಂದುಕೊಂಡವರು ಕಡಿಮೆಯಿಲ್ಲ. ಭಾರತದಲ್ಲಿ ಆ ನಿಯಮವಿಲ್ಲ.

ಹಾಗಾದರೆ ನ್ಯಾಯವಾಗಿ ಸಿಗುವುದು ಯಾವುದು? ಕಂಪನಿಗಳೇ ಹೊಸದಾಗಿ ತರಿಸಿ ಮಾರಿದ್ದ ಬೆರಳೆಣಿಕೆಯ ಮಾದರಿಗಳು. 2010ರ ಸುಮಾರಿಗೆ ಬಂದ ನಿಸ್ಸಾನ್ 370ಝಡ್ ಮತ್ತು ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್, 2016ರ ಡಿಸೆಂಬರ್‌ನಲ್ಲಿ ದೆಹಲಿ ಶೋರೂಂ ಬೆಲೆ 1.99 ಕೋಟಿ ರೂಪಾಯಿಗೆ ಬಿಡುಗಡೆಯಾದ ನಿಸ್ಸಾನ್ ಜಿಟಿ-ಆರ್ ಇವುಗಳಲ್ಲಿ ಮುಖ್ಯವಾದವು. ಇವು ಎರಡನೆಯ, ಮೂರನೆಯ ಕೈ ದಾಟಿ ಮಾರಾಟಕ್ಕೆ ಬರುತ್ತವೆ. ಉಳಿದವುಗಳ ಬಗ್ಗೆ ಅನುಮಾನದಿಂದಲೇ ಆರಂಭಿಸುವುದು ಲೇಸು.

ಅನುಮಾನ ಪರಿಹರಿಸಿಕೊಳ್ಳಲು ಮೆಕ್ಯಾನಿಕ್‌ ಬೇಕಿಲ್ಲ, ಚಾಸಿಸ್ ಸಂಖ್ಯೆ ಸಾಕು. 17 ಅಂಕಿ-ಅಕ್ಷರಗಳ ಈ ಸಂಖ್ಯೆ ಜಪಾನಿನಲ್ಲಿ ತಯಾರಾದ ಕಾರಿನಲ್ಲಿ ‘ಜೆ’ ಅಕ್ಷರದಿಂದ, ಭಾರತದ್ದಾದರೆ ಸಾಮಾನ್ಯವಾಗಿ ‘ಎಂಎ’ಯಿಂದ ‘ಎಂಇ’ವರೆಗಿನ ಅಕ್ಷರಗಳಿಂದ ಆರಂಭವಾಗುತ್ತದೆ. ಜಪಾನಿನೊಳಗೆ ಮಾರಲೆಂದೇ ತಯಾರಿಸಿದ ಸ್ಕೈಲೈನ್‌ನಂಥ ಕಾರುಗಳಿಗಂತೂ 17 ಅಂಕಿಯ ಸಂಖ್ಯೆಯೇ ಇರುವುದಿಲ್ಲ, ಚಿಕ್ಕದೊಂದು ಫ್ರೇಮ್ ಸಂಖ್ಯೆ ಮಾತ್ರ ಇರುತ್ತದೆ. ಕಣ್ಣೆದುರು ಸ್ಕೈಲೈನ್ ನಿಂತಿದ್ದು, ಆರ್‌ಸಿ ಪುಸ್ತಕದಲ್ಲಿ ‘ಎಂಎ’ ಎಂದು ಆರಂಭವಾಗುವ ಸಂಖ್ಯೆ ಇದ್ದರೆ ಆ ಪುಸ್ತಕ ಬೇರೊಂದು ಕಾರಿನದು. ದೇಶಿ ಲ್ಯಾನ್ಸರ್‌ಗೆ ಇವೊಲ್ಯೂಷನ್‌ನ ಬಂಪರು, ರೆಕ್ಕೆ ಜೋಡಿಸಿರುವುದೂ ಇದೇ ಪರೀಕ್ಷೆಯಲ್ಲಿ ಬಯಲಾಗುತ್ತದೆ. ಪರಿವಾಹನ್ ಜಾಲತಾಣದ ದಾಖಲೆಯಲ್ಲಿ ತಯಾರಾದ ವರ್ಷವನ್ನೂ ಮೊದಲ ನೋಂದಣಿಯ ವರ್ಷವನ್ನೂ ಹೋಲಿಸಬೇಕು. ಅಂತರ ಮೂರು ವರ್ಷಕ್ಕಿಂತ ಬಹಳ ಹೆಚ್ಚಿದ್ದರೆ ಮಾರುವವರು ವಿವರಣೆ ಕೊಡಲೇಬೇಕು. ಖಾಸಗಿಯಾಗಿ ತರಿಸಿದ ಕಾರಾದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿಯನ್ನು ಕೇಳಿ ಪಡೆಯುವುದು ಅಗತ್ಯ. ‘ಕಳೆದುಹೋಗಿದೆ’ ಎಂಬ ಉತ್ತರ ಬಂದರೆ ವ್ಯವಹಾರವನ್ನು ಅಲ್ಲಿಗೇ ಬಿಡಬಹುದು.

ಇದು ಅತಿಯಾದ ಎಚ್ಚರಿಕೆಯೇನಲ್ಲ. 2025ರ ಸೆಪ್ಟೆಂಬರ್ 23ರಂದು ಕೇರಳದಲ್ಲಿ ಕಸ್ಟಮ್ಸ್ ಅಧಿಕಾರಿಗಳು ‘ಆಪರೇಷನ್ ನುಮ್‌ಖೋರ್’ ಹೆಸರಿನಲ್ಲಿ ಶೋಧ ನಡೆಸಿ, ಭೂತಾನ್‌ನಿಂದ ಕಳ್ಳಮಾರ್ಗದಲ್ಲಿ ಬಂದವು ಎನ್ನಲಾದ ಹತ್ತಾರು ವಾಹನಗಳನ್ನು ವಶಪಡಿಸಿಕೊಂಡರು. ಖೋಟಾ ದಾಖಲೆಗಳ ಮೇಲೆ ಬೇರೆ ರಾಜ್ಯಗಳಲ್ಲಿ ನೋಂದಾಯಿಸಿ ಮಾರಲಾಗಿತ್ತು ಎಂಬುದು ಆರೋಪ. ಕಾರು ಹೋದದ್ದು ಅದನ್ನು ತಂದವರ ಮನೆಯಿಂದಲ್ಲ, ಕೊನೆಗೆ ಹಣ ಕೊಟ್ಟು ಕೊಂಡವರ ಅಂಗಳದಿಂದ.

ಕಾಗದ ಸಾಚಾ ಆಗಿದ್ದರೂ ಗಡಿ ದಾಟುವ ಖರ್ಚಿದೆ. ಎಂಎಚ್-09 ಫಲಕದ ಕೊಲ್ಹಾಪುರದ ಕಾರನ್ನು ಗೋಕಾಕದ ಕೆಎ-49ಕ್ಕೆ ಬದಲಿಸಲು ಅಲ್ಲಿನ ಕಚೇರಿಯಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ, ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30, ಸಾಲವಿದ್ದರೆ ಅದು ತೀರಿತೆಂಬ ನಮೂನೆ 35 ಬೇಕು. ಬಳಿಕ ಕರ್ನಾಟಕದ ಆಜೀವ ತೆರಿಗೆ. 20 ಲಕ್ಷ ರೂಪಾಯಿ ಮೀರಿದ ಹೊಸ ಕಾರಿಗೆ ಇದು ಶೇ 18, ಉಪತೆರಿಗೆ ಪ್ರತ್ಯೇಕ. ಹಳೆಯ ಕಾರಿಗೆ ವಯಸ್ಸಿನ ಪ್ರಕಾರ ರಿಯಾಯಿತಿ ಇದೆಯಾದರೂ ಲೆಕ್ಕ ಹಿಡಿಯುವುದು ಹೊಸದಿದ್ದಾಗಿನ ಬೆಲೆಯ ಮೇಲೆ. ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗಿದವರು ಇಲ್ಲಿ ಬೆವರುತ್ತಾರೆ. ತೆರಿಗೆ ಕಟ್ಟದೆ ಹೊರರಾಜ್ಯದ ಫಲಕದಲ್ಲೇ ಓಡಿಸುತ್ತಿದ್ದ ಫೆರಾರಿ, ಪೋರ್ಷೆಯಂಥ ಕಾರುಗಳನ್ನು 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಜಪ್ತಿ ಮಾಡಿತ್ತು.

ಮಾರ್ಪಾಡು ಮಾಡಿದ ಕಾರಿನದು ಇನ್ನೊಂದು ತೊಡಕು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಅಪಘಾತದ ನಂತರ ಪರಿಹಾರಕ್ಕೆ ಕುತ್ತಾಗುತ್ತದೆ.

ಇನ್ನು ನಿರ್ವಹಣೆ. ಜಿಟಿ-ಆರ್ ಬಿಡುಗಡೆಯಾದಾಗ ಅದಕ್ಕೆಂದೇ ತೆರೆದ ಸೇವಾ ಕೇಂದ್ರ ಇದ್ದದ್ದು ದೂರದ ನೊಯಿಡಾದಲ್ಲಿ. ಆ ಕಾರಿನ ತಯಾರಿಕೆ 2025ರ ಆಗಸ್ಟ್‌ನಲ್ಲಿ, ಲ್ಯಾನ್ಸರ್ ಇವೊಲ್ಯೂಷನ್‌ನದು 2016ರಲ್ಲಿಯೇ ನಿಂತಿವೆ. ಬಿಡಿಭಾಗ ಬೇಕೆಂದರೆ ಹೊರದೇಶದಿಂದ ತರಿಸಿ ಕಾಯುವುದು ಸಾಮಾನ್ಯ. ಇಂಧನದ್ದೂ ಚಿಂತೆಯೇ. ಬಂಕುಗಳಲ್ಲಿ ಈಗ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಅಷ್ಟು ಎಥೆನಾಲ್‌ಗೆಂದು ರೂಪಿಸದ ಹಳೆಯ ಕಾರುಗಳಲ್ಲಿ ರಬ್ಬರ್ ಪೈಪು, ಸೀಲುಗಳು ಬೇಗ ಹಾಳಾಗುವ ಸಂಭವವಿದೆ. ಬೆಳಗಾವಿ ಜಿಲ್ಲೆಯ ಕಬ್ಬೇ ಎಥೆನಾಲ್ ಆಗಿ ಇಲ್ಲಿನ ಕಾರಿನ ಟ್ಯಾಂಕಿಗೆ ಮರಳುತ್ತಿರುವುದೊಂದು ಸೋಜಿಗ.

ಹೆದ್ದಾರಿಯಲ್ಲಿ ಮಾತ್ರ ಓಡಿಸಿ ನೋಡಿ ಒಪ್ಪಿಕೊಳ್ಳುವುದೂ ಸರಿಯಲ್ಲ. ನೆಲಕ್ಕೆ ತಾಗುವಷ್ಟು ತಗ್ಗಿರುವ ಈ ಕಾರುಗಳು ಊರೊಳಗಿನ ರಸ್ತೆ ಉಬ್ಬುಗಳನ್ನು ಓರೆಯಾಗಿಯೇ ಹತ್ತಬೇಕು. ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು ಕೊರೆದ ಗಾಲಿಜಾಡುಗಳಲ್ಲಿ ತಳ ಉಜ್ಜುತ್ತದೆ. ಆದ್ದರಿಂದ ಹಣ ಕೊಡುವ ಮುನ್ನ ಕಾರನ್ನು ಲಿಫ್ಟಿಗೆ ಏರಿಸಿ ತಳಭಾಗ ನೋಡಿಸಬೇಕು. ಪೂರ್ತಿ ಮೊತ್ತವನ್ನು ನಿರಾಕ್ಷೇಪಣಾ ಪತ್ರ ಕೈಗೆ ಬಂದ ಮೇಲೆಯೇ, ಅದೂ ಬ್ಯಾಂಕ್ ಮೂಲಕ, ಆರ್‌ಸಿಯಲ್ಲಿ ಹೆಸರಿರುವ ಮಾಲೀಕರ ಖಾತೆಗೇ ಪಾವತಿಸಬೇಕು.