ವೈಫೈ ಜಾಲದಲ್ಲಿ ತಂತಿಯ ಪಾಲು

ವೈಫೈ ಜಾಲದಲ್ಲಿ ಮಾಹಿತಿ ತಂತಿಯಿಲ್ಲದೆ ಸಾಗುವುದು ಮೊಬೈಲಿನಿಂದ ಆಕ್ಸೆಸ್ ಪಾಯಿಂಟ್‌ವರೆಗೆ, ಅಂದರೆ ರೇಡಿಯೊ ಅಲೆಗಳನ್ನು ಹಿಡಿದು ಮೂಲ ಜಾಲಕ್ಕೆ ದಾಟಿಸಲು ಚಾವಣಿಯಲ್ಲೋ ಗೋಡೆಯಲ್ಲೋ ಕೂರಿಸಿದ ಪೆಟ್ಟಿಗೆಯವರೆಗೆ ಮಾತ್ರ. ಅಲ್ಲಿಂದಾಚೆಗಿನ ದಾರಿ ಸಾಮಾನ್ಯವಾಗಿ ತಾಮ್ರದ ಕೇಬಲಿನದು ಅಥವಾ ಆಪ್ಟಿಕಲ್ ಫೈಬರಿನದು. ಮೊಬೈಲಿನಲ್ಲಿ ಕಾಣುವ ವೈಫೈ ಗೆರೆಗಳು ಮೊದಲಿನ ಆ ಸಣ್ಣ ಭಾಗವನ್ನಷ್ಟೇ ಅಳೆಯುವುದರಿಂದ, ಗೆರೆಗಳು ಪೂರ್ತಿಯಾಗಿದ್ದೂ ಇಂಟರ್‌ನೆಟ್ ಬಾರದಿದ್ದಾಗ ಹುಡುಕಾಟವನ್ನು ಕೇಬಲಿನಿಂದ ಆರಂಭಿಸುವುದೇ ಸರಿ.

ಬಂಟ್ವಾಳ ತಾಲ್ಲೂಕಿನ ಕಲ್ಲಡ್ಕಕ್ಕೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಮಂಗಳೂರು–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75ರ ಈ ಪೇಟೆಯೂ ಸುತ್ತಲಿನ ಅಡಿಕೆ ತೋಟದ ಮನೆಗಳೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆಯನ್ನೂ, ಅದರ ಹಿಂದು ಮುಂದಿನ ತಿಂಗಳುಗಳಲ್ಲಿ ಸಂಜೆಯ ಸಿಡಿಲನ್ನೂ ಕಾಣುತ್ತವೆ. ಮುರಕಲ್ಲಿನ ದಪ್ಪ ಗೋಡೆ ಅಲೆಗಳನ್ನು ಕುಗ್ಗಿಸುವುದರಿಂದ ಆಕ್ಸೆಸ್ ಪಾಯಿಂಟ್‌ಗಳ ಸಂಖ್ಯೆಯೂ, ಅಂಗಳ ದಾಟಿ ಎಳೆಯಬೇಕಾದ ಕೇಬಲಿನ ಉದ್ದವೂ ಹೆಚ್ಚುತ್ತವೆ.

ಪೆಟ್ಟಿಗೆಯ ದೀಪವೇ ಆರಿದ್ದರೆ ಮೊದಲು ನೋಡಬೇಕಾದದ್ದು ವಿದ್ಯುತ್ತನ್ನು. ಇಂತಹ ಅನೇಕ ಪೆಟ್ಟಿಗೆಗಳು ಮಾಹಿತಿ ಸಾಗುವ ಕೇಬಲಿನಿಂದಲೇ ವಿದ್ಯುತ್ತನ್ನೂ ಪಡೆಯುತ್ತವೆ; ಪವರ್ ಓವರ್ ಈಥರ್ನೆಟ್ ಎನ್ನಲಾಗುವ ಈ ವಿಧಾನದ 2003ರ ಮಾನದಂಡ ಕೇಬಲುಗಳು ಬಂದು ಸೇರುವ ಸ್ವಿಚ್ಚಿನ ಪ್ರತಿ ಪೋರ್ಟಿಗೆ 15.4 ವ್ಯಾಟ್, 2009ರದು 30 ವ್ಯಾಟ್ ನಿಗದಿಪಡಿಸಿರುವುದರಿಂದ, ಹೊಸ ಪೆಟ್ಟಿಗೆಯ ಬೇಡಿಕೆಯನ್ನು ಹಳೆಯ ಸ್ವಿಚ್ ಪೂರೈಸಲಾರದೆ ಹೋಗಬಹುದು.

ದೀಪ ಉರಿಯುತ್ತಿದ್ದೂ ಜಾಲ ನಿಧಾನವಾದಾಗ ದೋಷ ಹೆಚ್ಚು ಸೂಕ್ಷ್ಮ. ಕೇಬಲಿನ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. ಸೆಕೆಂಡಿಗೆ 1000 ಮೆಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಹೀಗಾಗಿ ಆರ್‌ಜೆ-45 ಕನೆಕ್ಟರಿನಲ್ಲಿ ಒಂದು ತಂತಿ ಸಡಿಲವಾದರೂ ಸಂಪರ್ಕ ಪೂರ್ತಿ ಕಡಿಯದೆ 100ಕ್ಕೆ ಇಳಿದು ನಿಲ್ಲಬಹುದು, ಬಳಕೆದಾರರು ಇಂಟರ್‌ನೆಟ್ ಕಂಪನಿಯನ್ನು ದೂರುತ್ತ ಕೂರಬಹುದು. ಸ್ವಿಚ್ಚಿನಲ್ಲಿ ಪೋರ್ಟಿನ ವೇಗ 100 ಎಂದು ಕಂಡರೆ ಎರಡೂ ತುದಿಯ ಕನೆಕ್ಟರನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಬೇಕು. ಬಣ್ಣಗಳ ಕ್ರಮ ಎರಡೂ ತುದಿಯಲ್ಲಿ ಒಂದೇ ಆಗಿದ್ದರಷ್ಟೇ ಸಾಲದು: ಜೋಡಿ ತಪ್ಪಿಸಿ ಕೂರಿಸಿದ ತಂತಿಗಳು ಅಗ್ಗದ ಟೆಸ್ಟರಿನಲ್ಲಿ ಸರಿಯೆಂದೇ ತೋರಿದರೂ ಒಂದರ ಸಂಕೇತ ಇನ್ನೊಂದಕ್ಕೆ ಸೋರಿ ಮಾಹಿತಿ ಕೆಡುತ್ತದೆ. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಕಡಿಮೆ ಬೆಲೆಯ ಕೇಬಲು ವಿದ್ಯುತ್ತಿಗೆ ಹೆಚ್ಚು ತಡೆಯೊಡ್ಡುವುದಲ್ಲದೆ ಬಾಗಿಸಿದಲ್ಲಿ ಬೇಗ ಮುರಿಯುವುದರಿಂದ, ಅದನ್ನು ಈ ಕೆಲಸಕ್ಕೆ ಬಳಸಲೇಬಾರದು. ಶುದ್ಧ ತಾಮ್ರದ್ದಾದರೂ ಒಟ್ಟು ಉದ್ದ 100 ಮೀಟರ್ ಮೀರುವಂತಿಲ್ಲ.

ಮನೆಯೊಳಗಿನ ಬಳಕೆಗೆಂದು ಮಾಡಿದ ಕೇಬಲು ಹೊರಗೆ ಬಿಸಿಲಿಗೆ ಬಿರಿದು, ಮಳೆನೀರು ಒಳಹೊಕ್ಕು ಕನೆಕ್ಟರಿಗೆ ಕಿಲುಬು ಹಿಡಿಯುತ್ತದೆ. ಕೇಬಲನ್ನು ಗೋಡೆಯೊಳಕ್ಕೆ ಬಿಡುವ ಮುನ್ನ ಕೆಳಕ್ಕೆ ಬಾಗಿಸಿದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಸಿಡಿಲಿನ ವಿಷಯ ಬೇರೆ. ಅದು ನೇರವಾಗಿ ಬಡಿಯದೆ ಹತ್ತಿರದಲ್ಲೆಲ್ಲೋ ಎರಗಿದರೂ ಉದ್ದನೆಯ ತಾಮ್ರದ ತಂತಿಯಲ್ಲಿ ಒತ್ತಡ ಉಕ್ಕಿ ಎರಡೂ ತುದಿಯ ಪೋರ್ಟುಗಳನ್ನು ಸುಡಬಲ್ಲದಾದ್ದರಿಂದ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎಳೆಯುವಾಗ ಬೆಳಕನ್ನಷ್ಟೇ ಒಯ್ಯುವ, ಲೋಹದ ಎಳೆಯಿಲ್ಲದ ಫೈಬರನ್ನು ಬಳಸಿ, ಆಕ್ಸೆಸ್ ಪಾಯಿಂಟಿಗೆ ವಿದ್ಯುತ್ತನ್ನು ಅದಿರುವ ಕಟ್ಟಡದಿಂದಲೇ ಕೊಡಬೇಕು.