ಮತಿಯ ಅಳತೆ, ಮನೆಮಾತಿನ ಹಕ್ಕು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಲೀನಾಸ್ ಕಣಿವೆಯಲ್ಲಿ ಸೋಲೆಡಾಡ್ ಎಂಬ ಸಣ್ಣ ಊರಿದೆ. ಸುತ್ತಲೂ ತರಕಾರಿ ಹೊಲಗಳು; ಅಲ್ಲಿ ದುಡಿಯುವವರಲ್ಲಿ ಮೆಕ್ಸಿಕೊ ಮೂಲದವರೇ ಹೆಚ್ಚು. 1960ರ ದಶಕದ ಕೊನೆಯಲ್ಲಿ ಇಲ್ಲಿನ ಒಂಬತ್ತು ಮಕ್ಕಳನ್ನು ಬುದ್ಧಿಮಾಂದ್ಯರೆಂದು ಗುರುತಿಸಿ ಪ್ರತ್ಯೇಕ ತರಗತಿಯಲ್ಲಿ ಕೂರಿಸಲಾಗಿತ್ತು. ಅವರಿಗೆ 8ರಿಂದ 13ರ ವಯಸ್ಸು. ಎಲ್ಲರ ಮನೆಮಾತೂ ಸ್ಪ್ಯಾನಿಷ್. ಆದರೆ ಅವರ ಬುದ್ಧಿಯನ್ನು ಅಳೆದದ್ದು ಇಂಗ್ಲಿಷಿನಲ್ಲಿ. ಸಾಮಾನ್ಯ ಮಗುವಿಗೆ 100 ಎಂದು ಲೆಕ್ಕ ಹಿಡಿಯುವ ಆ ಪರೀಕ್ಷೆಯಲ್ಲಿ ಇವರಿಗೆ ಬಂದದ್ದು 30ರಿಂದ 72.

ಅನಂತರ ಎರಡೂ ಭಾಷೆ ಬಲ್ಲ ಪರೀಕ್ಷಕರು ಅದೇ ಮಕ್ಕಳನ್ನು ಮತ್ತೆ ಪರೀಕ್ಷಿಸಿದರು. ಪ್ರಶ್ನೆಗೆ ಸ್ಪ್ಯಾನಿಷಿನಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಉತ್ತರಿಸಬಹುದಿತ್ತು. ಒಂಬತ್ತರಲ್ಲಿ ಏಳು ಮಕ್ಕಳು 70ರ ಗಡಿಯನ್ನು ದಾಟಿದರು. ಅಂದರೆ ಅವರ ಬುದ್ಧಿಗೆ ಏನೂ ಆಗಿರಲಿಲ್ಲ. ಕೇಳಿದ್ದು ಅವರಿಗೆ ಅರ್ಥವಾಗಿರಲಿಲ್ಲ, ಅಷ್ಟೆ. ಅವರ ಪರವಾಗಿ ಹೂಡಿದ ಮೊಕದ್ದಮೆ ‘ಡಯಾನಾ ವಿರುದ್ಧ ರಾಜ್ಯ ಶಿಕ್ಷಣ ಮಂಡಳಿ’ ಎಂದು ಪ್ರಸಿದ್ಧವಾಯಿತು. 1970ರಲ್ಲಿ ಅದು ವಿಚಾರಣೆಗೆ ಹೋಗದೆ ರಾಜಿಯಲ್ಲಿ ಮುಗಿಯಿತು. ಇನ್ನು ಮುಂದೆ ಮಗುವನ್ನು ಮನೆಮಾತು ಮತ್ತು ಇಂಗ್ಲಿಷ್ ಎರಡರಲ್ಲೂ ಪರೀಕ್ಷಿಸಬೇಕು. ಆಗಲೇ ಅಂಥ ತರಗತಿಗಳಲ್ಲಿದ್ದ ಮೆಕ್ಸಿಕನ್ ಮತ್ತು ಚೀನೀ ಮೂಲದ ಮಕ್ಕಳನ್ನು ಮರುಪರೀಕ್ಷೆಗೆ ಒಳಪಡಿಸಬೇಕು ಎಂದು ರಾಜ್ಯ ಒಪ್ಪಿಕೊಂಡಿತು.

ಈ ತಿಳಿವಳಿಕೆ ಅಮೆರಿಕಕ್ಕೆ 1970ರಲ್ಲಿ ಬಂದದ್ದು ಸ್ವಲ್ಪ ತಡವೇ. ಬುದ್ಧಿಮತ್ತೆಯ ಅಳತೆಗೋಲನ್ನು 1905ರಲ್ಲಿ ಮೊದಲು ಸಿದ್ಧಪಡಿಸಿದವನು ಪ್ಯಾರಿಸಿನ ಆಲ್ಫ್ರೆಡ್ ಬಿನೆ. ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಷ್ಟೇ ಅವನ ಉದ್ದೇಶವಾಗಿತ್ತು. ಆ ಅಳತೆಗೋಲನ್ನು ಬೇರೆ ನುಡಿಯ ಮಕ್ಕಳ ಮುಂದೆ ಹಾಗೆಯೇ ಹಿಡಿಯಲಾಗದೆಂಬುದು ನಮ್ಮವರಿಗೆ ಆಗಲೇ ಹೊಳೆದಿತ್ತು. ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗಾಗಿಯೇ ವಿ.ವಿ. ಕಾಮತ್ ಅದನ್ನು ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದರು. ‘ಬಿನೆ–ಕಾಮತ್ ಪರೀಕ್ಷೆ’ ಎಂಬ ಹೆಸರು ನಮ್ಮ ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಇಂದಿಗೂ ಪರಿಚಿತ. ಡಯಾನಾ ಮೊಕದ್ದಮೆಗೆ 36 ವರ್ಷ ಹಿಂದಿನ ಮಾತು ಇದು.

ಭಾಷೆ ಮತ್ತು ಶಾಲೆಯ ಪ್ರಶ್ನೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯಕ್ಕೆ ಏರಿದ್ದು ಬೇರೊಂದು ದಾರಿಯಿಂದ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮಕ್ಕಳು ಆ ಭಾಷೆಯನ್ನು ಕಲಿಯಲು ಯಾವ ನೆರವೂ ಇಲ್ಲದೆ ತರಗತಿಯಲ್ಲಿ ಕೂತಿರುತ್ತಿದ್ದರು. ಎಲ್ಲರಿಗೂ ಅದೇ ಪುಸ್ತಕ, ಅದೇ ಮೇಷ್ಟ್ರು, ಅದೇ ಪಾಠ. ತಾರತಮ್ಯ ಎಲ್ಲಿದೆ ಎಂಬುದು ಆಡಳಿತದ ವಾದ. ಅರ್ಥವೇ ಆಗದ ಪಾಠವನ್ನು ಎಲ್ಲರಿಗೂ ಒಂದೇ ರೀತಿ ಕೊಟ್ಟರೆ ಅದು ಸಮಾನತೆಯಾಗದು ಎಂದು ‘ಲಾವ್ ವಿರುದ್ಧ ನಿಕೋಲ್ಸ್’ ಪ್ರಕರಣದಲ್ಲಿ 1974ರ ಜನವರಿ 21ರಂದು ನ್ಯಾಯಾಲಯ ಸರ್ವಾನುಮತದಿಂದ ಹೇಳಿತು. ತೀರ್ಪಿಗೆ ಆಧಾರವಾದದ್ದು 1964ರ ನಾಗರಿಕ ಹಕ್ಕುಗಳ ಕಾಯಿದೆ. ಅದೇ ವರ್ಷ ಸಂಸತ್ತು ತಂದ ಸಮಾನ ಶಿಕ್ಷಣಾವಕಾಶ ಕಾಯಿದೆಯು ಭಾಷೆಯ ಅಡ್ಡಿಯನ್ನು ನಿವಾರಿಸುವ ಹೊಣೆಯನ್ನು ಶಾಲೆಗಳ ಮೇಲೆ ಹೊರಿಸಿತು.

ಹೀಗೆ ಹರಿದುಬಂದ ಎರಡು ತೊರೆಗಳು ಸೇರಿದ್ದು 1975ರಲ್ಲಿ. ಆ ವರ್ಷದ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಅಂಗವಿಕಲ ಮಕ್ಕಳ ಶಿಕ್ಷಣ ಕಾಯಿದೆ, ಇಂಥ ಪ್ರತಿ ಮಗುವಿಗೂ ಉಚಿತವೂ ಯೋಗ್ಯವೂ ಆದ ಸಾರ್ವಜನಿಕ ಶಿಕ್ಷಣದ ಹಕ್ಕನ್ನು ಕೊಟ್ಟಿತು. ಡಯಾನಾ ಮೊಕದ್ದಮೆಯ ಪಾಠ ಅದರೊಳಗೇ ಸೇರಿಕೊಂಡಿತು. ತೀರಾ ಅಸಾಧ್ಯವಾದ ಹೊರತು ಪರೀಕ್ಷೆ ಮಗುವಿನ ಮಾತಿನಲ್ಲೇ ನಡೆಯಬೇಕು. ಒಂದೇ ಪರೀಕ್ಷೆಯ ಅಂಕ ನೋಡಿ ತೀರ್ಮಾನಿಸಕೂಡದು. ತಂದೆತಾಯಿಯ ಲಿಖಿತ ಸಮ್ಮತಿ ಇಲ್ಲದೆ ಮೊದಲ ಪರೀಕ್ಷೆಯನ್ನೇ ನಡೆಸುವಂತಿಲ್ಲ. ನೋಟೀಸು ಅವರ ಭಾಷೆಯಲ್ಲಿರಬೇಕು. ಆ ಭಾಷೆಗೆ ಬರಹವೇ ಇಲ್ಲದಿದ್ದರೆ ಬಾಯಿಮಾತಿನಲ್ಲಿ ತಿಳಿಸಿ, ಅವರಿಗೆ ಅರ್ಥವಾಗಿದೆ ಎಂಬುದನ್ನು ದಾಖಲಿಸಬೇಕೆಂದೂ ನಿಯಮವಿದೆ. ಮಗುವಿಗೆ ಏನು ಕಲಿಸಬೇಕೆಂದು ನಿರ್ಧರಿಸುವ ಸಭೆಗೆ ದುಭಾಷಿಯನ್ನು ಒದಗಿಸುವುದು ಶಾಲೆಯ ಕೆಲಸ. ಶಾಲೆಯ ಪರೀಕ್ಷೆ ಒಪ್ಪಿಗೆಯಾಗದಿದ್ದರೆ ಹೊರಗಿನ ತಜ್ಞರಿಂದ ಸರ್ಕಾರಿ ಖರ್ಚಿನಲ್ಲೇ ಪರೀಕ್ಷೆ ಮಾಡಿಸಬೇಕೆಂದು ಕೇಳಬಹುದು. ಅದನ್ನು ನಿರಾಕರಿಸಬೇಕಾದರೆ ತನ್ನ ಪರೀಕ್ಷೆ ಸರಿಯಿತ್ತೆಂದು ಶಾಲೆಯೇ ವಿಚಾರಣೆಯಲ್ಲಿ ತೋರಿಸಬೇಕು. ಈ ಕಾಯಿದೆಗೆ 1990ರಲ್ಲಿ ಹೊಸ ಹೆಸರು ಬಂತು. 1997ರ ತಿದ್ದುಪಡಿ ಇನ್ನೂ ಖಚಿತವಾಗಿ ಹೇಳಿತು: ಮಗು ಹಿಂದುಳಿಯಲು ಇಂಗ್ಲಿಷಿನ ಕೊರತೆಯೇ ಮುಖ್ಯ ಕಾರಣವಾಗಿದ್ದರೆ, ಅದನ್ನು ಅಂಗವಿಕಲವೆಂದು ಘೋಷಿಸುವಂತಿಲ್ಲ.

ಇಷ್ಟಕ್ಕೆ ಸಮಸ್ಯೆ ತೀರಿತೆಂದು ತಿಳಿದರೆ ತಪ್ಪಾದೀತು. ಮೊಕದ್ದಮೆಗೆ ಹೆದರಿದ ಶಾಲೆಗಳಲ್ಲಿ ಇನ್ನೊಂದು ಬಗೆಯ ತಪ್ಪು ಹುಟ್ಟಿಕೊಂಡಿತು. ಓದಲು ನಿಜವಾಗಿ ತೊಡಕಿರುವ ಮಗುವನ್ನು ಕಂಡರೂ ‘ಇಂಗ್ಲಿಷ್ ಕಲಿಯಲಿ, ಆಮೇಲೆ ನೋಡೋಣ’ ಎಂದು ಎರಡು ಮೂರು ವರ್ಷ ತಳ್ಳುವುದು. ಅಕ್ಷರಗಳು ಕಣ್ಣ ಮುಂದೆ ಗೋಜಲಾಗುವ ಮಗುವಿಗೆ ಆ ಕಾಯುವಿಕೆ ತುಂಬ ದುಬಾರಿ. ಟೆಕ್ಸಾಸ್ ರಾಜ್ಯದಲ್ಲಂತೂ ವಿಶೇಷ ಶಿಕ್ಷಣ ಪಡೆಯುವ ಮಕ್ಕಳ ಪ್ರಮಾಣ ಶೇಕಡಾ 8.5ರಷ್ಟಿರಬೇಕೆಂದು 2004ರಿಂದ ಒಂದು ಗುರಿಯೇ ಇತ್ತು. 2016ರಲ್ಲಿ ‘ಹ್ಯೂಸ್ಟನ್ ಕ್ರಾನಿಕಲ್’ ಪತ್ರಿಕೆ ಇದನ್ನು ಬಯಲಿಗೆಳೆಯಿತು. ಅದು ಕಾನೂನಿಗೆ ವಿರುದ್ಧವೆಂದು ಕೇಂದ್ರ ಶಿಕ್ಷಣ ಇಲಾಖೆ 2018ರಲ್ಲಿ ಹೇಳಿತು. ಹೀಗೆ ಬಾಗಿಲಲ್ಲೇ ತಡೆಹಿಡಿಯಲ್ಪಟ್ಟವರಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಮಕ್ಕಳೂ ಇದ್ದರು.

ಆದ್ದರಿಂದ ಈ ಹಕ್ಕನ್ನು ವಿಶೇಷ ತರಗತಿಯಿಂದ ತಪ್ಪಿಸಿಕೊಳ್ಳುವ ಹಕ್ಕೆಂದು ಮಾತ್ರ ಅರ್ಥಮಾಡಿಕೊಳ್ಳಬಾರದು. ಭಾಷೆಯ ಕೊರತೆ ಯಾವುದು, ದೇಹ ಅಥವಾ ಮನಸ್ಸಿನ ತೊಡಕು ಯಾವುದು ಎಂದು ಸರಿಯಾಗಿ ತೂಗಿ ನೋಡುವಂತೆ ಕೇಳುವ ಹಕ್ಕು ಇದು. ಎರಡೂ ಇದ್ದರೆ ಮಗುವಿಗೆ ಎರಡು ನೆರವೂ ಏಕಕಾಲಕ್ಕೆ ಸಲ್ಲಬೇಕು. ಒಂದನ್ನು ಪಡೆದದ್ದಕ್ಕೆ ಇನ್ನೊಂದನ್ನು ಬಿಡಬೇಕಾಗಿಲ್ಲ.

ಕಾಯಿದೆಯ ಅರ್ಥದಲ್ಲಿ ಮಗುವಿನ ಭಾಷೆಯೆಂದರೆ ಅದು ಮನೆಯಲ್ಲಿ ಅಥವಾ ಕಲಿಯುವಲ್ಲಿ ಸಾಮಾನ್ಯವಾಗಿ ಆಡುವ ಭಾಷೆ. ಕಿವುಡ ಮಗುವಿಗಾದರೆ ಸನ್ನೆಭಾಷೆ. ಸ್ಯಾನ್ ಹೋಸೆಯಲ್ಲಿ ನೆಲೆಸಿದ ಕನ್ನಡಿಗ ಎಂಜಿನಿಯರ ಮನೆಯಲ್ಲಿ ಅಜ್ಜಿಯೊಡನೆ ಕನ್ನಡವನ್ನಷ್ಟೇ ಆಡುತ್ತ ಬೆಳೆದ ಮಗುವಿಗೂ ಈ ಹಕ್ಕು ಸಲ್ಲುತ್ತದೆ. ಕಾಗದದ ಮೇಲೆ ಸ್ಪ್ಯಾನಿಷ್, ಕನ್ನಡ ಎಂಬ ಭೇದವಿಲ್ಲ. ಆದರೆ ಸ್ಪ್ಯಾನಿಷಿಗೆ ಸಿಗುವಷ್ಟು ಸುಲಭವಾಗಿ ಕನ್ನಡಕ್ಕೆ ಪರೀಕ್ಷಕರು ಸಿಗುವುದಿಲ್ಲ. ‘ತೀರಾ ಅಸಾಧ್ಯವಾದ ಹೊರತು’ ಎಂಬ ಆ ಮೂರು ಪದಗಳೊಳಗೆ ಸಣ್ಣ ಸಮುದಾಯಗಳ ಕಷ್ಟವೆಲ್ಲ ಅಡಗಿದೆ. ದುಭಾಷಿಯ ಮೂಲಕ ಪ್ರಶ್ನೆಯನ್ನು ಅನುವಾದಿಸಿದರೆ ಸಾಲದು, ಪ್ರಶ್ನೆಯ ಕಷ್ಟವೇ ಅನುವಾದದಲ್ಲಿ ಬದಲಾಗಿಬಿಡುತ್ತದೆ. ಮಗು ಮನೆಯಲ್ಲಿ ಮಾತೃಭಾಷೆಯನ್ನು ಸಲೀಸಾಗಿ ಆಡುತ್ತದೆಯೆ, ಕಥೆ ಹೇಳುತ್ತದೆಯೆ, ತಡವಾಗಿ ಮಾತು ಕಲಿಯಿತೆ ಎಂದು ತಂದೆತಾಯಿ ಹೇಳುವ ವಿವರವೇ ಆಗ ಅಂಕಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಇಂಗ್ಲಿಷನ್ನು ಅಮೆರಿಕದ ಅಧಿಕೃತ ಭಾಷೆಯೆಂದು ಸಾರುವ ಆದೇಶಕ್ಕೆ 2025ರ ಮಾರ್ಚ್‌ನಲ್ಲಿ ಅಧ್ಯಕ್ಷರ ಸಹಿ ಬಿತ್ತು. ಇಂಗ್ಲಿಷ್ ಕಲಿಯುವ ಮಕ್ಕಳ ಹಕ್ಕುಗಳನ್ನು ಶಾಲೆಗಳಿಗೆ ವಿವರಿಸಿ 2015ರಲ್ಲಿ ಹೊರಡಿಸಿದ್ದ ಮಾರ್ಗಸೂಚಿಯನ್ನು ಶಿಕ್ಷಣ ಇಲಾಖೆ ಅದೇ ವರ್ಷದ ಆಗಸ್ಟಿನಲ್ಲಿ ಹಿಂತೆಗೆದುಕೊಂಡಿತು. ಸಂಸತ್ತು ಮಾಡಿದ ಕಾಯಿದೆಗಳನ್ನು ಇಂಥ ಆದೇಶ ಅಳಿಸಲಾರದು. ಆದರೆ ವಿವರಿಸಿ ಹೇಳುವವರಿಲ್ಲದ ಹಕ್ಕನ್ನು ಕೇಳಿ ಪಡೆಯುವ ಭಾರ ತಂದೆತಾಯಿಯ ಹೆಗಲಿಗೆ ಬೀಳುತ್ತದೆ.

ಆ ಭಾರ ಎಷ್ಟೆಂಬುದಕ್ಕೆ ಮಿಷಿಗನ್ ರಾಜ್ಯದ ಸ್ಟರ್ಜಿಸ್ ಶಾಲೆಗಳ ಮೇಲಿನ ‘ಪೆರೆಜ್’ ಮೊಕದ್ದಮೆಯನ್ನು ನೋಡಬಹುದು. ಒಂಬತ್ತನೆಯ ವಯಸ್ಸಿಗೆ ಮೆಕ್ಸಿಕೊದಿಂದ ಬಂದ ಕಿವುಡ ಬಾಲಕನೊಬ್ಬ ಅಲ್ಲಿ ಇಪ್ಪತ್ತು ವರ್ಷ ತುಂಬುವವರೆಗೂ ಓದಿದ. ಅವನಿಗೆ ಕೊಟ್ಟ ಸಹಾಯಕರಿಗೆ ಸರಿಯಾದ ತರಬೇತಿ ಇರಲಿಲ್ಲ, ಅಂಕಗಳನ್ನು ಮಾತ್ರ ಧಾರಾಳವಾಗಿ ಕೊಟ್ಟು ವರ್ಷವರ್ಷವೂ ಮುಂದಕ್ಕೆ ಕಳಿಸಿದರು ಎಂಬುದು ದೂರು. ಓದು ಮುಗಿಯಲು ಕೆಲವು ತಿಂಗಳಿದ್ದಾಗ, ಅವನಿಗೆ ಡಿಪ್ಲೊಮಾ ಸಿಗುವುದಿಲ್ಲವೆಂದು ಮನೆಯವರಿಗೆ ತಿಳಿಸಲಾಯಿತು. ವಿಶೇಷ ಶಿಕ್ಷಣ ಕಾಯಿದೆಯ ದೂರು ರಾಜಿಯಾಯಿತು. ಕಿವುಡರ ಶಾಲೆಯಲ್ಲಿ ಕಲಿಯುವ ಏರ್ಪಾಡೂ ಆಯಿತು. ಕಳೆದುಹೋದ ವರ್ಷಗಳಿಗೆ ಹಣದ ಪರಿಹಾರವನ್ನು ಬೇರೊಂದು ಕಾಯಿದೆಯಡಿ ಕೇಳಬಹುದೆ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಕೇಳಬಹುದು ಎಂದು 2023ರ ಮಾರ್ಚ್ 21ರಂದು ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ ಹೇಳಿದರು.